ಎರಡು ಕೈಯ ಕೃಷ್ಣ, ನಾಲ್ಕು ಕೈಯ ಸ್ತೋತ್ರ: ಕರಾವಳಿಯ ದೇವರ ಮೂರ್ತಿಗಳನ್ನು ನೋಡುವ ಬಗೆ

ಉಡುಪಿ ಕೃಷ್ಣನಿಗೆ ಎರಡೇ ಕೈ. ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ. ಬೆಳ್ಳಿಯ ನವಗ್ರಹ ಕಿಂಡಿಯಲ್ಲಿ ಇಣುಕಿದವರಿಗೆಲ್ಲ ಇದು ಗೊತ್ತು. ಹಿಂದಿನಿಂದ ನೂಕಿದ್ದರಿಂದ ಸರಿಯಾಗಿ ಕಾಣಲಿಲ್ಲ ಅನ್ನುವವರೂ ಮನೆಯ ಕ್ಯಾಲೆಂಡರಿನಲ್ಲಿ ನೋಡಿಯೇ ಇರುತ್ತಾರೆ.

ಈಗ ನೈವೇದ್ಯದ ಹೊತ್ತಿಗೆ ಹೇಳುವ ದ್ವಾದಶ ಸ್ತೋತ್ರಕ್ಕೆ ಬನ್ನಿ. ಬರೆದವರು ಮಧ್ವಾಚಾರ್ಯರು. ಈ ಕೃಷ್ಣನ ಮೂರ್ತಿ ಸಿಕ್ಕಿದ ಸಂದರ್ಭದಲ್ಲೇ ಅದು ಹುಟ್ಟಿತು ಎಂಬುದು ಸಂಪ್ರದಾಯದ ನಂಬಿಕೆ. ಅದರ ಮೊದಲ ಸ್ತೋತ್ರ ದೇವರನ್ನು ಪಾದದಿಂದ ಶುರು ಮಾಡಿ ಹುಬ್ಬಿನವರೆಗೆ ಒಂದೊಂದೇ ಅಂಗವಾಗಿ ಧ್ಯಾನಿಸುತ್ತಾ ಹೋಗುತ್ತದೆ. ಕೈಗಳ ಸರದಿ ಬಂದಾಗ ಶಂಖ, ಚಕ್ರ, ಗದೆ, ಪದ್ಮ ಹಿಡಿದ ತೋಳುಗಳನ್ನು ನೆನೆಯಬೇಕು ಅನ್ನುತ್ತದೆ. ಕಡೆಗೋಲಿನ ಸುದ್ದಿಯೇ ಅಲ್ಲಿಲ್ಲ.

ಎದುರಿಗಿರುವ ಕಲ್ಲಿಗೆ ಎರಡು ಕೈ, ಬಾಯಲ್ಲಿರುವ ಶ್ಲೋಕಕ್ಕೆ ನಾಲ್ಕು. ಏಳು ಶತಮಾನಗಳಿಂದ ಇದು ಹೀಗೇ ನಡೆದು ಬಂದಿದೆ, ಯಾರಿಗೂ ಇದೊಂದು ತೊಡಕು ಅನ್ನಿಸಿಲ್ಲ. ನನಗೆ ಕರಾವಳಿಯ ದೇವಸ್ಥಾನಗಳಲ್ಲಿ ಅತಿ ಸ್ವಾರಸ್ಯದ ಜಾಗ ಇದೇ. ಶಾಸ್ತ್ರ ಹೇಳಿದ್ದನ್ನೇ ಶಿಲ್ಪಿ ಕೆತ್ತುತ್ತಾನೆ, ಶಿಲ್ಪಿ ಕೆತ್ತಿದ್ದನ್ನೇ ದಾಸರು ಹಾಡುತ್ತಾರೆ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ, ಅಲ್ವಾ? ಹತ್ತಿರ ಹೋಗಿ ನೋಡಿದರೆ ಮೂವರ ಕೆಲಸವೂ ಬೇರೆ ಬೇರೆ. ಅವು ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲಿ ಕಣ್ಣಿಟ್ಟರೆ ದೇವಸ್ಥಾನ ಹೆಚ್ಚು ಅರ್ಥವಾಗುತ್ತದೆ.

ಶಾಸ್ತ್ರ ಏನು ಹೇಳುತ್ತದೆ

ಮೂರ್ತಿಯನ್ನು ಮನಸ್ಸಿಗೆ ಬಂದ ಹಾಗೆ ಕೆತ್ತುವ ಹಾಗಿಲ್ಲ. ಪ್ರತಿ ದೇವರಿಗೂ ಒಂದು ಧ್ಯಾನ ಶ್ಲೋಕ ಇರುತ್ತದೆ. ಬಣ್ಣ ಯಾವುದು, ಕೈ ಎಷ್ಟು, ಯಾವ ಕೈಯಲ್ಲಿ ಏನು, ಕೂತಿದ್ದಾನೋ ನಿಂತಿದ್ದಾನೋ ಎಲ್ಲವೂ ಅದರಲ್ಲಿರುತ್ತದೆ. ಶಿಲ್ಪಿಗೆ ಅದು ಅಳತೆಯ ಪಟ್ಟಿ. ಪೂಜೆ ಮಾಡುವವರಿಗೆ ಕಣ್ಣು ಮುಚ್ಚಿ ಮನಸ್ಸಿನಲ್ಲಿ ತಂದುಕೊಳ್ಳಬೇಕಾದ ರೂಪ. ಒಂದೇ ಶ್ಲೋಕಕ್ಕೆ ಎರಡು ಕೆಲಸ. ಮಧ್ವಾಚಾರ್ಯರ ತಂತ್ರಸಾರ ಸಂಗ್ರಹದಲ್ಲಿ ಮಂತ್ರ, ಪೂಜೆಯ ಜೊತೆಗೆ ಪ್ರತಿಮೆಯ ಲಕ್ಷಣ, ದೇವಸ್ಥಾನ ಕಟ್ಟುವ ಕ್ರಮ, ಪ್ರತಿಷ್ಠೆಯ ವಿಧಿ ಎಲ್ಲ ಬರುತ್ತದೆ. ನಮ್ಮ ಕಡೆಯ ತಂತ್ರಿಗಳು ಬ್ರಹ್ಮಕಲಶ (ದೇವರ ಪ್ರತಿಷ್ಠೆಯ ದೊಡ್ಡ ಅಭಿಷೇಕ) ಮಾಡಿಸುವಾಗ ಇಂಥ ಗ್ರಂಥಗಳನ್ನೇ ಆಧಾರ ಇಟ್ಟುಕೊಳ್ಳುತ್ತಾರೆ.

ಶಾಸ್ತ್ರ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ವಿಷ್ಣುವಿನ ಕೈಗಳೇ ಸಾಕು. ಕೈ ನಾಲ್ಕು, ಹಿಡಿದಿರುವುದೂ ನಾಲ್ಕು. ಯಾವುದು ಯಾವ ಕೈಯಲ್ಲಿ ಎಂಬ ಕ್ರಮವನ್ನು ಬದಲಾಯಿಸುತ್ತಾ ಹೋದರೆ ಒಟ್ಟು 24 ಜೋಡಣೆಗಳಾಗುತ್ತವೆ. ಲೆಕ್ಕ ಮಾಡಿ ನೋಡಿ, ಒಂದು ಜಾಸ್ತಿಯಿಲ್ಲ, ಒಂದು ಕಡಿಮೆಯಿಲ್ಲ. ಸಂಧ್ಯಾವಂದನೆಯಲ್ಲಿ ಕೇಶವ, ನಾರಾಯಣ, ಮಾಧವ ಅಂತ ಶುರುವಾಗಿ ಕೃಷ್ಣನಲ್ಲಿ ಮುಗಿಯುವ ಹೆಸರುಗಳೂ 24. ಪ್ರತಿ ಹೆಸರಿಗೂ ಒಂದು ಜೋಡಣೆ. ಉಡುಪಿಯ ಅಂಬಲಪಾಡಿಯಲ್ಲಿ ಜನಾರ್ದನ ಇದ್ದಾನಲ್ಲ, ಅವನೂ ಈ 24ರಲ್ಲಿ ಒಬ್ಬ. ಯಾವ ಹೆಸರಿಗೆ ಯಾವ ಕ್ರಮ ಅನ್ನುವುದರಲ್ಲಿ ಎಲ್ಲ ಗ್ರಂಥಗಳೂ ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ ಮೂರ್ತಿ ನೋಡಿ ತಕ್ಷಣ ಹೆಸರು ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಕೈ ನೋಡುವಾಗ ಚಕ್ರವನ್ನೂ ಗಮನಿಸಿ. ದಕ್ಷಿಣದ ಹಳೆಯ ವಿಷ್ಣು ಮೂರ್ತಿಗಳಲ್ಲಿ ಚಕ್ರದ ಅಂಚು ನಮ್ಮ ಕಡೆಗಿರುತ್ತದೆ, ಈಗಲೇ ಎಸೆಯುವ ಹಾಗೆ. ಅದಕ್ಕೆ ಪ್ರಯೋಗ ಚಕ್ರ ಅನ್ನುತ್ತಾರೆ. ಕಾಲ ಕಳೆದ ಹಾಗೆ ಚಕ್ರ ಅಗಲಕ್ಕೆ ತಿರುಗಿತು, ಸುತ್ತ ಜ್ವಾಲೆ ಬಂತು, ಆಯುಧ ಹೋಗಿ ಅಲಂಕಾರವಾಯಿತು. ತುಳುನಾಡಿನ ನೂರಾರು ಮೂರ್ತಿಗಳನ್ನು ಊರೂರು ತಿರುಗಿ ಅಧ್ಯಯನ ಮಾಡಿದ ಪಿ. ಗುರುರಾಜ ಭಟ್ಟರು ಕಾಲ ನಿರ್ಣಯಕ್ಕೆ ನೆಚ್ಚಿಕೊಂಡದ್ದು ಇಂಥ ಸಣ್ಣ ವಿವರಗಳನ್ನೇ.

ಕಡೆಗೋಲು ಎಲ್ಲಿಂದ ಬಂತು

ಮತ್ತೆ ಉಡುಪಿಗೆ ಬರೋಣ. ಮೂರ್ತಿಯ ಬಗ್ಗೆ ನಾವೆಲ್ಲ ಕೇಳಿದ ಕಥೆ ಹೀಗಿದೆ. ದ್ವಾರಕೆಯಲ್ಲಿ ರುಕ್ಮಿಣಿ ಪೂಜಿಸುತ್ತಿದ್ದ ಬಾಲಕೃಷ್ಣ. ಗೋಪೀಚಂದನದ ಗಡ್ಡೆಯೊಳಗೆ ಸೇರಿಕೊಂಡು ಹಡಗು ಹತ್ತಿ ಮಲ್ಪೆಯ ಕಡಲಿಗೆ ಬಂತು. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವರು ಪಾರುಮಾಡಿದರು, ಬದಲಿಗೆ ಆ ಗಡ್ಡೆಯನ್ನು ಕೇಳಿ ಪಡೆದರು. ಮಧ್ವರ ಜೀವನವನ್ನು ಹೇಳುವ ಹಳೆಯ ಕಾವ್ಯ ಸುಮಧ್ವವಿಜಯ. ಬರೆದವರು ನಾರಾಯಣ ಪಂಡಿತಾಚಾರ್ಯರು, ಮಧ್ವರ ನೇರ ಶಿಷ್ಯ ತ್ರಿವಿಕ್ರಮ ಪಂಡಿತರ ಮಗ. ಅವರು, ಮಧ್ವರು ಕೃಷ್ಣನ ಶಿಲಾಮೂರ್ತಿಯನ್ನು ನೀರಿನಲ್ಲಿ ಶುದ್ಧ ಮಾಡಿಸಿ ಪ್ರತಿಷ್ಠೆ ಮಾಡಿದ್ದನ್ನು ಕೆಲವೇ ಪದ್ಯಗಳಲ್ಲಿ ಹೇಳಿ ಮುಗಿಸುತ್ತಾರೆ. ರುಕ್ಮಿಣಿಯ ಕಥೆ ವಿಸ್ತಾರವಾಗಿ ಬೆಳೆದದ್ದು ಆಮೇಲೆ. ಕಥೆ ಸುಳ್ಳು ಅಂತ ಹೇಳಲು ಇದನ್ನು ತೆಗೆಯುತ್ತಿಲ್ಲ. ಕಾವ್ಯಕ್ಕೆ ಬೇಕಿದ್ದದ್ದು ಗುರುವಿನ ಮಹಿಮೆ. ಮುಂದೆ ಬಂದ ಯಾತ್ರಿಕರಿಗೆ ಬೇಕಿದ್ದದ್ದು ಮೂರ್ತಿಯ ಊರು, ಹುಟ್ಟು, ದಾರಿ.

ಕಡೆಗೋಲಿನ ಬೇರು ಇರುವುದು ಭಾಗವತದ ಹತ್ತನೆಯ ಸ್ಕಂಧದಲ್ಲಿ. ಯಶೋದೆ ಹಾಡಿಕೊಳ್ಳುತ್ತಾ ಮೊಸರು ಕಡೆಯುತ್ತಿದ್ದಾಳೆ. ಹಸಿದ ಮಗು ಬಂದು ಕಡೆಗೋಲು ಹಿಡಿದು ನಿಲ್ಲಿಸುತ್ತದೆ. ಅವಳು ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕೊಡುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ, ಎದ್ದು ಓಡುತ್ತಾಳೆ. ಮಗುವಿಗೆ ಸಿಟ್ಟು. ಮೊಸರಿನ ಗಡಿಗೆ ಒಡೆಯುತ್ತದೆ. ಆಮೇಲೆ ಕಟ್ಟಿಹಾಕಲು ಹಗ್ಗ ತಂದರೆ ಎಷ್ಟು ತಂದರೂ ಎರಡು ಬೆರಳು ಸಾಲುವುದಿಲ್ಲ. ಒಂದೇ ಅಧ್ಯಾಯದಲ್ಲಿ ಕಡೆಗೋಲೂ ಇದೆ, ಹಗ್ಗವೂ ಇದೆ. ಉಡುಪಿಯ ಮೂರ್ತಿಯ ಕೈಯಲ್ಲಿರುವುದು ಕಡೆಯುವ ಹಗ್ಗ ಅನ್ನುತ್ತಾರೆ. ಆದರೆ ಭಾಗವತ ಗೊತ್ತಿದ್ದವರಿಗೆ ಅದನ್ನು ನೋಡುವಾಗ ಕಟ್ಟಲು ಸಾಲದೆ ಹೋದ ಹಗ್ಗವೂ ನೆನಪಾಗದೆ ಇರುವುದಿಲ್ಲ.

ಪುರಂದರದಾಸರ ಒಂದು ಹಾಡು ಇದನ್ನೇ ತಾಯಿಯ ಕಡೆಯಿಂದ ನೋಡುತ್ತದೆ. ಕಡೆಗೋಲು ಕೊಡು ಚಿನ್ನ, ಮೊಸರು ಒಡೆದರೆ ಬೆಣ್ಣೆ ಬರುವುದಿಲ್ಲ ಅಂತ ಯಶೋದೆ ಅಂಗಲಾಚುತ್ತಾಳೆ. ಇಲ್ಲಿ ದೇವರ ಮಹಿಮೆಗಿಂತ ಬೆಳಗ್ಗೆ ಅಡುಗೆಮನೆಯ ಗಡಿಬಿಡಿಯೇ ಮುಂದೆ ನಿಂತಿದೆ. ಒಂದೇ ಕಡೆಗೋಲು ಪುರಾಣದಲ್ಲಿ ಕಥೆಯ ತಿರುವು, ಮೂರ್ತಿಯಲ್ಲಿ ಗುರುತಿನ ಚಿಹ್ನೆ, ಹಾಡಿನಲ್ಲಿ ತಾಯಿ ಮಗುವಿನ ಜಗಳ. ಸ್ತೋತ್ರದಲ್ಲಿ ಮಾತ್ರ ಅದು ಇಲ್ಲವೇ ಇಲ್ಲ.

ಯಾಕಿಲ್ಲ ಅನ್ನುವುದಕ್ಕೆ ಮಧ್ವರ ಸಿದ್ಧಾಂತದಲ್ಲಿ ಉತ್ತರ ಇದೆ. ಅವರ ಪ್ರಕಾರ ಕಲ್ಲು ದೇವರಲ್ಲ, ದೇವರ ಸನ್ನಿಧಾನ ಇರುವ ಜಾಗ. ಪೂಜೆ ಮಾಡುವವರು ತಮ್ಮ ಹೃದಯದಲ್ಲಿರುವ ದೇವರನ್ನು ಮೊದಲು ಧ್ಯಾನಿಸಿ ಆಮೇಲೆ ಮೂರ್ತಿಯಲ್ಲಿ ಆವಾಹನೆ ಮಾಡುತ್ತಾರೆ. ಧ್ಯಾನಕ್ಕೆ ಬರುವ ರೂಪಕ್ಕೆ ನಾಲ್ಕು ಕೈ ಇರಬಹುದು, ಎದುರಿನ ರೂಪಕ್ಕೆ ಎರಡು. ಎರಡೂ ಒಂದೇ ಆಗಬೇಕು ಅನ್ನುವ ಒತ್ತಾಯ ಇಲ್ಲ.

ಇನ್ನೊಂದು ಉಪಯೋಗದ ಮಾತು. ಮಧ್ಯಾಹ್ನದ ಹೊತ್ತಿಗೆ ಹೋದರೆ ಕಾಣುವುದು ಆ ದಿನದ ಅಲಂಕಾರ, ಕಲ್ಲಲ್ಲ. ನವರಾತ್ರಿಯಲ್ಲಂತೂ ಕೃಷ್ಣ ದೇವಿಯ ಉಡುಪಿನಲ್ಲಿರುತ್ತಾನೆ. ದಿನದ ಪೂಜೆಗಳು ನಿರ್ಮಾಲ್ಯ ವಿಸರ್ಜನೆಯಿಂದ ಶುರುವಾಗುತ್ತವೆ. ಹಿಂದಿನ ದಿನದ ಹೂವು, ಆಭರಣ ತೆಗೆದು, ಪಂಚಾಮೃತ ಅಭಿಷೇಕ ಆಗಿ, ಆಮೇಲೆ ಅಲಂಕಾರ. ಮೂರ್ತಿಯನ್ನೇ ನೋಡಬೇಕು ಅನ್ನುವವರು ನಸುಕಿಗೇ ಎದ್ದು ಹೋಗಬೇಕು.

ಕಿಂಡಿಯ ಹಾಡಿನಲ್ಲಿ ಕಿಂಡಿ ಇಲ್ಲ

ಕನಕನ ಕಿಂಡಿಯ ಕಥೆ ಹೇಳಿಕೊಡಬೇಕಾಗಿಲ್ಲ. ಒಳಗೆ ಬಿಡದಿದ್ದಾಗ ಕನಕದಾಸರು ಹಾಡಿದರು, ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ. ಆಗ ಹಾಡಿದ್ದು ಬಾಗಿಲು ತೆರೆದು ಸೇವೆ ಕೊಡು ಹರಿಯೇ ಎಂಬ ಹಾಡು ಎನ್ನುತ್ತಾರೆ. ಆ ಹಾಡನ್ನು ಪೂರ್ತಿ ಓದಿದ್ದೀರಾ? ಅದರಲ್ಲಿ ಉಡುಪಿಯ ಹೆಸರಿಲ್ಲ. ಕಿಂಡಿ ಇಲ್ಲ, ಗೋಡೆ ಇಲ್ಲ. ಕೊನೆಯಲ್ಲಿ ಬರುವುದು ಕನಕರ ಅಂಕಿತ, ಕಾಗಿನೆಲೆಯ ಆದಿಕೇಶವ.

ಹಾಡಿನೊಳಗೆ ಇರುವುದು ಒಂದು ವಾದ. ಆನೆ ಕರೆದಾಗ ಹಾಲಿನ ಕಡಲಿನಿಂದ ಎದ್ದು ಬಂದೆ. ಹುಡುಗ ಪ್ರಹ್ಲಾದ ಕರೆದಾಗ ಕಂಬದಿಂದ ಬಂದೆ. ದ್ರೌಪದಿಗೆ ಸೀರೆ ಕೊಟ್ಟೆ, ಅಜಾಮಿಳನನ್ನು ಕಾಪಾಡಿದೆ. ನಾನು ಕೂಗಿದ್ದು ಮಾತ್ರ ಕೇಳಿಸಲಿಲ್ಲವೇ? ನೋಡಿ, ಇವೆಲ್ಲ ದೇವಸ್ಥಾನಗಳ ಕಂಬದಲ್ಲಿ, ಮುಚ್ಚಿಗೆಯಲ್ಲಿ, ರಥದ ಮರದಲ್ಲಿ ಕೆತ್ತುವ ದೃಶ್ಯಗಳು. ಗಜೇಂದ್ರ ಮೋಕ್ಷ, ಉಗ್ರನರಸಿಂಹ, ದ್ರೌಪದಿಯ ಮಾನರಕ್ಷಣೆ. ಶಿಲ್ಪಿಗೆ ಅವು ದೇವರ ಗೆಲುವುಗಳು. ಕನಕರು ಅದೇ ಚಿತ್ರಗಳನ್ನು ದೇವರ ಎದುರು ಸಾಕ್ಷಿಯಾಗಿ ನಿಲ್ಲಿಸುತ್ತಾರೆ. ದೇವಸ್ಥಾನದ ಹೊರಗೆ ನಿಂತವರಿಗೂ ಒಳಗಿನ ಚಿತ್ರಗಳು ಬಾಯಿಪಾಠ ಆಗಿದ್ದವು ಅನ್ನುವುದು ಈ ಹಾಡಿನಿಂದ ಗೊತ್ತಾಗುತ್ತದೆ.

ಹೊರಗೆ ನಿಲ್ಲುವ ಪ್ರಶ್ನೆ ಹಾಡಿಗೇ ಮುಗಿಯಲಿಲ್ಲ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಶಿವಲಿಂಗ ಪ್ರತಿಷ್ಠೆ ಮಾಡಿದರು. ಬೇರೆ ದೇವಸ್ಥಾನಗಳ ಬಾಗಿಲು ಮುಚ್ಚಿದ್ದ ಬಿಲ್ಲವರಿಗೆ ಗೋಕರ್ಣನಾಥ ಸಿಕ್ಕಿದ. ಅದೇ ಗುರುಗಳು 1927ರಲ್ಲಿ ಕೇರಳದ ಕಳವಂಕೋಡದಲ್ಲಿ ಕನ್ನಡಿಯನ್ನೇ ಪ್ರತಿಷ್ಠೆ ಮಾಡಿದರು. ಮೂರ್ತಿ ಲಕ್ಷಣದ ಯಾವ ಗ್ರಂಥದ ಅಳತೆಗೂ ಸಿಗದ ಮೂರ್ತಿ ಅದು.

ರೂಪ ಒಂದು, ಹೆಸರು ಇನ್ನೊಂದು

ಕೃಷ್ಣ ಮಠದ ಎದುರಿಗೇ ಇರುವ ಅನಂತೇಶ್ವರ ದೇವಸ್ಥಾನಕ್ಕೆ ಜನ ಗಡಿಬಿಡಿಯಲ್ಲಿ ಕೈಮುಗಿದು ಹೊರಡುತ್ತಾರೆ. ಅದು ಮಠಕ್ಕಿಂತ ಹಳೆಯದು. ಮಧ್ವರು ಪಾಠ ಹೇಳುತ್ತಿದ್ದದ್ದು ಅಲ್ಲೇ. ಅದರ ಹಿಂಭಾಗ ಚೌಕವಾಗಿಲ್ಲ, ದುಂಡಗಿದೆ. ಇದಕ್ಕೆ ಗಜಪೃಷ್ಠ ಅನ್ನುತ್ತಾರೆ. ಪ್ರದಕ್ಷಿಣೆ ಬರುವಾಗ ನಾಲ್ಕು ಮೂಲೆ ಸಿಗುವುದಿಲ್ಲ, ಗೋಡೆ ಸದ್ದಿಲ್ಲದೆ ನಿಮ್ಮ ಜೊತೆ ತಿರುಗುತ್ತದೆ. ಒಳಗಿರುವುದು ಲಿಂಗ. ಆದರೆ ಮಾಧ್ವರ ಪೂಜೆ ಸಲ್ಲುವುದು ಅನಂತನ ಮೇಲೆ ಕೂತ ವಿಷ್ಣುವಿಗೆ.

ಕಟೀಲಿನಲ್ಲೂ ಹಾಗೆಯೇ. ನಂದಿನಿ ನದಿಯ ನಡುವಿನ ದುರ್ಗಾಪರಮೇಶ್ವರಿ ಮೂಲದಲ್ಲಿ ಲಿಂಗರೂಪಿ. ಮುಖ, ಸೀರೆ, ಒಡವೆ, ಹೂವು ಎಲ್ಲ ಸೇರಿ ದೇವಿಯಾಗುತ್ತದೆ. ಲಿಂಗ ಅಂದರೆ ಶಿವ ಅಷ್ಟೇ ಅಂತ ಪುಸ್ತಕದಲ್ಲಿ ಕಲಿತವರಿಗೆ ನಮ್ಮ ಕರಾವಳಿ ಸ್ವಲ್ಪ ತಲೆಬಿಸಿ ಕೊಡುತ್ತದೆ.

ಮಂಗಳೂರಿನ ಕದ್ರಿಯಲ್ಲಿ ಇನ್ನೂ ದೊಡ್ಡ ತಲೆಬಿಸಿ ಇದೆ. ಮಂಜುನಾಥ ದೇವಸ್ಥಾನ ಶಿವನದು. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ದಕ್ಷಿಣ ಭಾರತದ ಅತ್ಯುತ್ತಮ ಕಂಚುಗಳಲ್ಲಿ ಒಂದು. ಸುಮಾರು ಐದು ಅಡಿ ಎತ್ತರ, ಮೂರು ಮುಖ, ಆರು ಕೈ, ಪದ್ಮಾಸನ. ಮೇಲೆ ಕಿರೀಟ ನೋಡಿ. ಜಟೆಯ ನಡುವೆ ಬೆರಳುದ್ದದ ಒಬ್ಬ ಬುದ್ಧ ಧ್ಯಾನಕ್ಕೆ ಕೂತಿದ್ದಾನೆ. ಅವನು ಅಮಿತಾಭ. ತಲೆಯ ಮೇಲೆ ಅಮಿತಾಭ ಇದ್ದರೆ ಕೆಳಗಿರುವವನು ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ. ಪೀಠದ ಶಾಸನವೂ ಸಂಶಯ ಉಳಿಸುವುದಿಲ್ಲ. ಆಳುಪ ದೊರೆ ಕುಂದವರ್ಮ ಕದ್ರಿಯ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದ ಎಂದು ಅದು ಹೇಳುತ್ತದೆ. ಕಾಲ ಕ್ರಿ.ಶ. 968. ಅದೇ ಶಾಸನ ದೊರೆಯನ್ನು ಶಿವಭಕ್ತ ಎಂದೂ ಹೊಗಳುತ್ತದೆ! ಶಿವಭಕ್ತ ದೊರೆ ಬೌದ್ಧ ವಿಹಾರದಲ್ಲಿ ಮೂರ್ತಿ ಇಡಿಸಿದ್ದಾನೆ, ಅದರಲ್ಲಿ ಆ ಕಾಲದವರಿಗೆ ವಿಚಿತ್ರ ಏನೂ ಕಂಡಿಲ್ಲ.

ಆಮೇಲೆ ಇದೇ ಗುಡ್ಡಕ್ಕೆ ಶಿವನನ್ನು ಆರಾಧಿಸುವ ನಾಥಪಂಥದ ಜೋಗಿಗಳು ಬಂದರು. ದೇವಸ್ಥಾನದ ಮೇಲಿನ ಜೋಗಿ ಮಠ ಈಗಲೂ ಇದೆ. ಮತ್ಸ್ಯೇಂದ್ರನಾಥ, ಗೋರಖನಾಥರ ಮೂರ್ತಿಗಳೂ ಇವೆ. ನಾಥರ ಒಂದು ಪರಂಪರೆ ಮತ್ಸ್ಯೇಂದ್ರನನ್ನು ಲೋಕೇಶ್ವರನ ಜೊತೆಗೇ ಗುರುತಿಸುತ್ತದೆ. ಹಾಗಾಗಿ ಬೌದ್ಧ ಹೋಯಿತು, ಶೈವ ಬಂತು ಅಂತ ಒಂದು ಗೆರೆ ಎಳೆಯಲು ಕದ್ರಿ ಬಿಡುವುದಿಲ್ಲ. ಹೆಸರು, ಪೂಜೆ, ಭಕ್ತರು ಬದಲಾದರು. ಕಿರೀಟದ ಬುದ್ಧ ಕೂತಲ್ಲೇ ಇದ್ದಾನೆ. ಮೂರ್ತಿಯ ವಿವರ ಪೂಜೆಗಿಂತ ಹಠಮಾರಿ.

ಮಹಿಷ ಹೊರಗೆ ಬಂದದ್ದು ಎಲ್ಲಿಂದ

ಶಾಸ್ತ್ರಕ್ಕೂ ಶಿಲ್ಪಕ್ಕೂ ನಡುವೆ ಎಷ್ಟು ಅಂತರ ಇರಬಹುದು ಎಂದು ನೋಡಲು ಮಹಿಷಮರ್ದಿನಿ ಒಳ್ಳೆಯ ಉದಾಹರಣೆ. ಮಾರ್ಕಂಡೇಯ ಪುರಾಣದ ದೇವೀ ಮಾಹಾತ್ಮ್ಯೆಯಲ್ಲಿ ದೇವಿ ಕೋಣದ ಮೇಲೆ ಹಾರಿ, ಕುತ್ತಿಗೆಯನ್ನು ಕಾಲಿನಿಂದ ಒತ್ತಿ, ಶೂಲದಿಂದ ತಿವಿಯುತ್ತಾಳೆ. ಆಗ ಅಸುರ ಕೋಣದ ಬಾಯಿಯಿಂದ ಅರ್ಧ ಹೊರಗೆ ಬರುತ್ತಾನೆ. ದೇವಿ ಕತ್ತಿಯಿಂದ ಅವನ ತಲೆ ಕಡಿಯುತ್ತಾಳೆ. ಹಳೆಯ ಶಿಲ್ಪಗಳಲ್ಲಿ ಈ ಅಸುರ ಇಲ್ಲ. ಬರೀ ಕೋಣ ಇರುತ್ತದೆ, ತಲೆ ದೇವಿಯ ಕಾಲಡಿ, ಬಾಲ ಅವಳ ಕೈಯಲ್ಲಿ. ಆಮೇಲಿನ ಶಿಲ್ಪಗಳಲ್ಲಿ ಅಸುರ ಬಂದ, ಆದರೆ ಹೆಚ್ಚಾಗಿ ಬಾಯಿಯಿಂದಲ್ಲ, ಕಡಿದ ಕುತ್ತಿಗೆಯಿಂದ. ಬಾಯಿಯೊಳಗಿಂದ ಮನುಷ್ಯನನ್ನು ಕೆತ್ತುವುದು ಕಷ್ಟ, ನೋಡಲೂ ಚೆನ್ನಾಗಿರುವುದಿಲ್ಲ. ಶಿಲ್ಪಿ ತನ್ನ ಬುದ್ಧಿ ಓಡಿಸಿದ್ದಾನೆ ಅಂತ ನನ್ನ ಊಹೆ.

ಆದರೆ ನಮ್ಮ ಕಡೆ ಹೆಚ್ಚಿನವರಿಗೆ ಮಹಿಷಾಸುರ ಅಂದರೆ ಶಿಲ್ಪವೂ ಅಲ್ಲ, ಪುರಾಣವೂ ಅಲ್ಲ. ಕಟೀಲು ಮೇಳದ ದೇವೀ ಮಹಾತ್ಮೆ ಆಟ, ಅಂದರೆ ಯಕ್ಷಗಾನ. ನಡುರಾತ್ರಿ ಕಳೆದ ಮೇಲೆ ದೊಂದಿ ಹಿಡಿದುಕೊಂಡು, ರಾಳದ ಬೆಂಕಿಯ ನಡುವೆ, ಕೂತ ಜನರ ಮಧ್ಯದಿಂದಲೇ ಮಹಿಷಾಸುರ ರಂಗಸ್ಥಳಕ್ಕೆ ನುಗ್ಗುತ್ತಾನೆ. ಕಣ್ಣಿಗೆ ನಿದ್ದೆ ಹತ್ತಿದ್ದ ಮಕ್ಕಳು ಎದ್ದು ಕೂರುತ್ತಾರೆ. ಚಂಡಮುಂಡರು ದೇವಿಯನ್ನು ನೋಡುವ ದೃಶ್ಯದಲ್ಲಿ ಅವಳು ಉಯ್ಯಾಲೆಯಲ್ಲಿ ಕೂತಿರುತ್ತಾಳೆ. ಮೂಲ ಗ್ರಂಥದಲ್ಲಿ ಉಯ್ಯಾಲೆ ಇಲ್ಲ, ಹಿಮಾಲಯವನ್ನು ಬೆಳಗುವ ಹೆಣ್ಣು ಎಂದಷ್ಟೇ ಇದೆ. ಆಟ ನೋಡಿ ಬೆಳೆದವರಿಗೆ ಉಯ್ಯಾಲೆ ಇಲ್ಲದ ದೇವೀ ಮಹಾತ್ಮೆ ಅರ್ಧಂಬರ್ಧ ಅನ್ನಿಸುತ್ತದೆ. ಗರ್ಭಗುಡಿಯಲ್ಲಿ ಲಿಂಗರೂಪಿಯಾದ ದೇವಿಗೆ ಹರಕೆಯ ಆಟದಲ್ಲಿ ನಡೆಯುವ, ಮಾತಾಡುವ ಮೈ ಸಿಗುತ್ತದೆ.

ಮಳೆ, ಮುರಕಲ್ಲು, ಮಣ್ಣು

ಬೇಲೂರು ನೋಡಿ ಬಂದವರು ನಮ್ಮ ದೇವಸ್ಥಾನಗಳ ಹೊರಗೋಡೆ ನೋಡಿ ಬೋಳು ಅನ್ನುವುದುಂಟು. ಕಾರಣ ಸರಳ. ಇಲ್ಲಿ ಸಿಗುವುದು ಮುರಕಲ್ಲು, ತೂತು ತೂತಿನ ಕೆಂಪು ಕಲ್ಲು. ಕಟ್ಟಲು ಬಹಳ ಒಳ್ಳೆಯದು, ಸೂಕ್ಷ್ಮ ಕೆತ್ತನೆಗೆ ಆಗುವುದಿಲ್ಲ. ಮೇಲೆ ನಾಲ್ಕು ತಿಂಗಳು ಬಿಡದೆ ಹೊಡೆಯುವ ಮಳೆ. ಹಾಗಾಗಿ ಮಾಡು ಇಳಿಜಾರಾಯಿತು, ಹಂಚು ಅಥವಾ ತಾಮ್ರ ಹೊದೆಸಿದರು, ಕೆತ್ತನೆ ಮಾಡಿನ ಕೆಳಗಿನ ಮರಕ್ಕೆ ಹೋಯಿತು. ಕಪ್ಪು ಶಿಲೆ ಒಳಗಿನ ಮೂರ್ತಿಗೆ ಮೀಸಲು.

ಉಳಿಯಬೇಕಾದ ಮೂರ್ತಿಯ ಜೊತೆಗೆ ಉಳಿಯಬಾರದ ಮೂರ್ತಿಯೂ ನಮ್ಮಲ್ಲಿದೆ. ಅಷ್ಟಮಿಯ ಮರುದಿನ ಉಡುಪಿಯ ವಿಟ್ಲಪಿಂಡಿಯಲ್ಲಿ ರಥ ಏರುವುದು ಮಣ್ಣಿನ ಕೃಷ್ಣ, ಕೊನೆಗೆ ಮಧ್ವ ಸರೋವರದಲ್ಲಿ ಕರಗುತ್ತಾನೆ. ಕುದ್ರೋಳಿಯ ದಸರಾದ ಶಾರದೆ, ನವದುರ್ಗೆಯರೂ ನೀರಿಗೆ. ನಾಗನ ಆರಾಧನೆಯಾದ ನಾಗಮಂಡಲದಲ್ಲಿ ನೆಲವೇ ಮೂರ್ತಿ. ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಹುಡಿಗಳಲ್ಲಿ ಹೆಡೆ ಬಿಚ್ಚಿದ ಹಾವಿನ ಗಂಟುಗಳನ್ನು ಗಂಟೆಗಟ್ಟಲೆ ಕೂತು ಬರೆಯುತ್ತಾರೆ. ಕೆಂಪಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆಯಿತು. ಡಕ್ಕೆ ಬಾರಿಸುತ್ತಾ ವೈದ್ಯರು (ಇಲ್ಲಿ ಡಾಕ್ಟರಲ್ಲ, ನಾಗಮಂಡಲ ನಡೆಸುವ ಸಮುದಾಯದವರು), ಎದುರಿಗೆ ನಾಗನ ಆವೇಶ ಬರುವ ನಾಗಪಾತ್ರಿ, ರಾತ್ರಿಯಿಡೀ ಕುಣಿತ. ಬೆಳಗಾಗುವಾಗ ಮಂಡಲ ಅಳಿಸಿ ಹೋಗಿರುತ್ತದೆ.

ದೈವಗಳ, ಅಂದರೆ ತುಳುನಾಡಿನ ಭೂತಗಳ, ಲೆಕ್ಕವೇ ಬೇರೆ. ಅಲ್ಲಿ ಸಂಸ್ಕೃತದ ಧ್ಯಾನ ಶ್ಲೋಕದ ಹಂಗಿಲ್ಲ. ಮಂಚ, ಕತ್ತಿ, ಗಂಟೆ, ಲೋಹದ ಮೊಗ (ಮುಖವಾಡ) ಇರುತ್ತದೆ. ಪಂಜುರ್ಲಿ ದೈವದ ಮೊಗಕ್ಕೆ ಹಂದಿಯ ಮೂತಿ. ಯಾಕೆ ಹಂದಿ, ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾವ ಬೀಡಿನಲ್ಲಿ ನೆಲೆಯಾಯಿತು ಅನ್ನುವುದನ್ನೆಲ್ಲ ತುಳುವಿನ ಕಥೆ ಹೇಳುವ ಹಾಡು, ಪಾಡ್ದನ, ಹೇಳುತ್ತದೆ. ಇಲ್ಲಿ ಶಾಸ್ತ್ರವೂ ಹಾಡೂ ಒಂದೇ. ದೈವದ ಉತ್ಸವವಾದ ನೇಮದ ದಿನ ತೆಂಬರೆ ಎಂಬ ವಾದ್ಯ ಬಡಿಯುತ್ತಾ ಅದನ್ನು ಹಾಡುತ್ತಾರೆ, ಊರಿಂದ ಊರಿಗೆ ಕಥೆ ಸ್ವಲ್ಪ ಬದಲಾಗುತ್ತದೆ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ ಕೆಲವು ಪಾಡ್ದನಗಳನ್ನು ಪುಸ್ತಕವಾಗಿ ಅಚ್ಚು ಹಾಕಿತು. ನೇಮಕ್ಕೆ ನಿಂತವರು ಯಾರೂ ಆ ಪುಸ್ತಕ ತೆರೆದು ಹಾಡುವುದಿಲ್ಲ. ಮನೆಯ ಹಿರಿಯರ ಬಾಯಿಂದ ಕೇಳಿದ್ದನ್ನು ಹಾಡುತ್ತಾರೆ, ಅದು ಅಚ್ಚಿನ ಪಾಠಕ್ಕೆ ಹೊಂದದಿದ್ದರೆ ಅವರಿಗೇನೂ ಚಿಂತೆಯಿಲ್ಲ.